ಹೊಳೆಯ ತಳವನ್ನು ಬಲ್ಲವರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಇಗರ್ಜಿಯ ಕಟ್ಟಡ, ಸೇವೆ ಸಲ್ಲಿಸಿದ ಗುರುಗಳು, ಉದಾರ ಹೃದಯದ ದಾನಿಗಳು, ಶಾಲೆ ಮೊದಲಾದ ವಿಷಯಗಳ ಕುರಿತು ಬಲ್ಲವರು ಬರೆದಿದ್ದಾರೆ. ಆ ಕಟ್ಟಡದ ಗೋಡೆಗಳೊಳಗೆ ಅಡಗಿರುವ ಒಂದು ವಸ್ತುವಿನಿಂದ ನಮ್ಮ ಲೇಖನವನ್ನು ಆರಂಭಿಸಲು ಅಪ್ಪಣೆ ಬೇಡುತ್ತೇವೆ. ಸಿಮೆಂಟು ನಮ್ಮ ಹಳ್ಳಿಗಳಿಗೆ ಅಪರೂಪವಾಗಿದ್ದ ಆ ದಿನಗಳಲ್ಲಿ ಚಿರೆಕಲ್ಲುಗಳನ್ನು ಒಂದಕ್ಕೊಂದು ಬೆಸೆದದ್ದು ಚಿಪ್ಪಿನ ಸುಣ್ಣ. ಆ ಚಿಪ್ಪುಗಳು ಬಂದದ್ದು ಹೊಳೆಯ ತಳದಿಂದ. ಅವುಗಳನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿ ತಂದವರು ಸೊಂಟದವರೆಗಿನ ನೀರಿನಲ್ಲಿ ನಿಂತು, ಕಣ್ಣಿಗೆ ಕಾಣದ ನೆಲವನ್ನು ಕಾಲಿನಿಂದಲೇ ಅರಿತು ನಡೆದ ನಮ್ಮ ಅಜ್ಜ ಅಜ್ಜಿಯರು. ಕಟ್ಟಡದ ಇತಿಹಾಸದಲ್ಲಿ ಅವರ ಹೆಸರುಗಳು ದೊರೆಯುವುದಿಲ್ಲ. ಆದರೆ ಅವರು ಹೊಳೆಯಲ್ಲಿ ಹೇಗೆ ನಡೆದರು, ಹೇಗೆ ಕ್ಷೇಮವಾಗಿ ದಡಕ್ಕೆ ಮರಳಿದರು, ಕೆಲವರು ಏಕೆ ಮರಳಲಿಲ್ಲ ಎಂಬುದೂ ಈ ಊರಿನ ಇತಿಹಾಸವೇ ಎಂದು ನಾವು ಭಾವಿಸುತ್ತೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಸಂಚಿಕೆಯ ಕೆಲಸಕ್ಕಾಗಿ ಹಳೆಯ ಮರಣ ದಾಖಲೆಯ ಪುಸ್ತಕಗಳನ್ನು ತಿರುವಿದಾಗ, ಮುಪ್ಪು ಮತ್ತು ಜ್ವರಗಳ ನಡುವೆ, ಹೊಳೆಯಲ್ಲಿ ಸತ್ತರೆಂಬ ಮಾತು ಅಲ್ಲಲ್ಲಿ ಕಾಣಿಸಿತು. ನೂರು ವರ್ಷಗಳ ಲೆಕ್ಕದಲ್ಲಿ ಅವು ಹೆಚ್ಚೇನೂ ಅಲ್ಲ. ಆದರೆ ಅವರಲ್ಲಿ ಬಹುಪಾಲು ಜನ ಈಜು ಬಲ್ಲವರು, ಹೊಳೆಯ ಬದಿಯಲ್ಲಿಯೇ ಹುಟ್ಟಿ ಬೆಳೆದವರು ಎಂಬುದು ನಮ್ಮನ್ನು ಯೋಚನೆಗೆ ಹಚ್ಚಿತು.

ಮೂರು ತಾಲೂಕುಗಳ ಹೊಳೆಗಳು

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳಲ್ಲಿ ಘಟ್ಟದಿಂದ ಕಡಲಿಗಿರುವ ಅಂತರ ಕಡಿಮೆ. ಮಳೆಗಾಲದಲ್ಲಿ ಘಟ್ಟದಿಂದ ಧುಮುಕಿ ಬರುವ ನೀರು ಮಣ್ಣನ್ನೂ ಮರಳನ್ನೂ ಹೊತ್ತು ತರುತ್ತದೆ. ಕಡಲಿನ ಉಬ್ಬರ ಅದನ್ನು ತಡೆದು ಹಿಂದಕ್ಕೆ ನೂಕುತ್ತದೆ. ಈ ಎರಡರ ತಿಕ್ಕಾಟದಲ್ಲಿ ಹುಟ್ಟಿದ್ದೇ ನಮ್ಮ ಅಳಿವೆಗಳು, ಕುರ್ವೆಗಳು, ಮರಳ ದಿಬ್ಬಗಳು, ಗಜನಿ ಭೂಮಿಗಳು. ಶರಾವತಿಯು ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿಲೋಮೀಟರು ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಅಘನಾಶಿನಿಯು ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಮಿರ್ಜಾನಿನ ಕೋಟೆಯ ಸಮೀಪದಿಂದ ಹಾದು ತದಡಿಯ ಬಳಿ ಕಡಲಿಗೆ ಕೂಡುತ್ತದೆ. ಭಟ್ಕಳದಲ್ಲಿ ಶರಾಬಿ ಹೊಳೆ ಹಾಗೂ ಶಿರಾಲಿಯ ಕಡೆಯ ವೆಂಕಟಾಪುರ ಹೊಳೆ ಚಿಕ್ಕವಾದರೂ ಅವುಗಳ ಸ್ವಭಾವ ಇದೇ. ಅಳ್ವೆಕೋಡಿ ಎಂಬ ಊರಿನ ಹೆಸರಿನಲ್ಲಿಯೇ ಅಳಿವೆ ಇದೆ; ಮಾವಿನಕುರ್ವೆ ಎಂಬ ಹೆಸರು ಭಟ್ಕಳದಲ್ಲಿಯೂ ಹೊನ್ನಾವರದಲ್ಲಿಯೂ ಇದೆ.

ಈ ಅಳಿವೆಗಳನ್ನು ಪರದೇಶದವರು ಬಹು ಹಿಂದೆಯೇ ಕಂಡು ಬರೆದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಇದು ದೊಡ್ಡ ಹಡಗುಗಳು ಪ್ರವೇಶಿಸಬಲ್ಲ ಕೊಲ್ಲಿಯ ದಂಡೆಯ ಮೇಲಿನ ಊರೆಂದೂ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಬೇರೆ ಯಾರೂ ಅಲ್ಲಿ ನೀರಿಗಿಳಿಯಲಾರರೆಂದೂ ಹೇಳಿದ್ದಾನೆ. ಪೋರ್ತುಗೀಜರು 1569ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಜ್ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿಯೇ ಪ್ರಯಾಣ ಮಾಡಿದನು. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ನಮ್ಮ ವಿಷಯಕ್ಕೆ ಬಹು ಉಪಯುಕ್ತವಾದ ಒಂದು ಮಾತನ್ನು ಗುರುತು ಹಾಕಿಟ್ಟಿದ್ದಾನೆ. ಹೊನ್ನಾವರದ ಈ ವಿಶಾಲವಾದ ಹಿನ್ನೀರು ಬೇಸಗೆಯಲ್ಲಿ ಪೂರ್ತಿ ಉಪ್ಪಾಗಿದ್ದು, ಮಳೆಗಾಲದಲ್ಲಿ ಘಟ್ಟದ ತೊರೆಗಳು ಉಕ್ಕಿ ಬಂದಾಗ ಸಿಹಿಯಾಗುತ್ತದೆ ಎಂಬುದೇ ಆ ಮಾತು. ಎರಡು ಶತಮಾನಗಳ ಹಿಂದಿನ ಶರಾವತಿಗೆ ಹೀಗೆ ಋತುಮಾನದ ಒಂದು ನಿಯಮವಿತ್ತು. ನೀರಿನ ರುಚಿಗೆ ಮಾತ್ರವಲ್ಲದೆ ತಳದ ಮರಳಿಗೂ ಆ ನಿಯಮವೇ ಅನ್ವಯಿಸುತ್ತಿತ್ತು.

ಹಿರಿಯರು ನಡೆದ ರೀತಿ

ನಮ್ಮ ಇಗರ್ಜಿಯ ಅಡಿಗಲ್ಲು ಬಿದ್ದಾಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಸ್ತೆಗಳು ಕಡಿಮೆ, ಸೇತುವೆಗಳು ಇನ್ನೂ ಕಡಿಮೆ. ಪೂಜೆಗೆ ಬರುವವರು, ಸಂತೆಗೆ ಹೋಗುವವರು, ಹೆಣ ಹೊತ್ತವರು, ಮದುವೆಯ ದಿಬ್ಬಣದವರು ಎಲ್ಲರೂ ತಾರಿಯ ದೋಣಿಯನ್ನೇ ನಂಬಿದ್ದರು. ಇಳಿತದ ಹೊತ್ತಿನಲ್ಲಿ ದೋಣಿ ದಡ ಮುಟ್ಟದಿದ್ದರೆ ಕೊನೆಯ ಇಪ್ಪತ್ತು ಮಾರು ಕೆಸರಿನಲ್ಲಿ ನಡೆದೇ ತೀರಬೇಕಾಗಿತ್ತು. ಇನ್ನು ಬಡವರ ಮನೆಗೆ ಹೊಳೆಯೇ ಉಗ್ರಾಣ. ಗಂಡಸರು ಬೀಸುಬಲೆ ಹಿಡಿದು ಇಳಿಯುವರು. ಹೆಂಗಸರು ದಿಬ್ಬಗಳ ಮೇಲೆ ಬಳಚು, ಬಂಡೆಗಳ ಮೇಲೆ ಕಲ್ವ ಆರಿಸುವರು. ಮಕ್ಕಳು ಕಾಂಡ್ಲದ ಬುಡದಲ್ಲಿ ಏಡಿ, ಶೆಟ್ಲಿ ಹುಡುಕುವರು. ಅಂಬಿಗರು, ಹರಿಕಾಂತರು, ಖಾರ್ವಿಗಳು, ಮೊಗೇರರು, ದಾಲ್ದಿಗಳು, ನಮ್ಮ ಕ್ರೈಸ್ತ ಬಾಂಧವರು ಎಲ್ಲರೂ ಅದೇ ನೀರಿನಲ್ಲಿ ನಿಂತವರು. ಆದುದರಿಂದ ಹೊಳೆಯ ತಿಳಿವಳಿಕೆಗೆ ಜಾತಿಮತಗಳ ಗೋಡೆ ಇರಲಿಲ್ಲ. ಇಂಥ ಕಡೆ ಹೊಸದಾಗಿ ಹುದುಲು ಬಿದ್ದಿದೆ ಎಂದು ಒಬ್ಬನು ಕೂಗಿ ಹೇಳಿದರೆ ಅದು ಸಂಜೆಯೊಳಗೆ ಎರಡೂ ದಡಗಳಿಗೆ ತಿಳಿಯುತ್ತಿತ್ತು.

ಅವರ ಮೊದಲ ಪಾಠ ನೀರಿನ ವೇಳೆಯದು. ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತ; ಆದುದರಿಂದ ಇಂದಿನ ಇಳಿತಕ್ಕಿಂತ ನಾಳೆಯ ಇಳಿತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತಿಯೂ ದೊಡ್ಡದು, ಸುಕತಿಯೂ ದೊಡ್ಡದು. ಅಷ್ಟಮಿಯ ಸುಮಾರಿಗೆ ಎರಡೂ ಮಂದ. ಗಡಿಯಾರವಿಲ್ಲದ ಮನೆಗಳಲ್ಲಿಯೂ ತಿಥಿಯನ್ನು ಕೇಳಿ ಹೆಂಗಸರು ಇಳಿತದ ಹೊತ್ತನ್ನು ಹೇಳಬಲ್ಲವರಾಗಿದ್ದರು. ನೀರು ಇಳಿಯುತ್ತಿರುವಾಗ ಅದರ ಹಿಂದೆಯೇ ಹೋಗಬೇಕು, ಅದು ತಿರುಗುವ ಮೊದಲೇ ನಾವು ತಿರುಗಬೇಕು ಎಂಬುದು ಅವರ ಕಟ್ಟಳೆ. ಇದಕ್ಕೆ ಸರಿಯಾದ ಕಾರಣವೂ ಇದೆ. ಉಬ್ಬರದ ಆರು ಗಂಟೆಗಳಲ್ಲಿ ನೀರು ಒಂದೇ ಸಮನಾಗಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏರುವುದು ಅತ್ಯಲ್ಪ; ನಡುವಿನ ಎರಡು ಗಂಟೆಗಳಲ್ಲಿ ಒಟ್ಟು ಏರಿಕೆಯ ಸುಮಾರು ಅರ್ಧದಷ್ಟು ಏರಿಬಿಡುತ್ತದೆ. ಇನ್ನೂ ಹೊತ್ತಿದೆ ಎಂದು ಮೊದಲ ಗಂಟೆಯನ್ನು ನೋಡಿ ನಂಬಿದವನು ಮೂರನೆಯ ಗಂಟೆಯಲ್ಲಿ ಮೋಸ ಹೋಗುತ್ತಾನೆ. ದಿಬ್ಬದ ಮೇಲೆ ನಿಂತವನಿಗೂ ದಡಕ್ಕೂ ನಡುವೆ ಇರುವ ತಗ್ಗಿನಲ್ಲಿ ನೀರು ಮೊದಲು ತುಂಬುವುದರಿಂದ, ಅವನ ಕಾಲಬುಡ ಒಣಗಿರುವಾಗಲೇ ಹಿಂತಿರುಗುವ ದಾರಿ ಮುಚ್ಚಿರುತ್ತದೆ.

ಎರಡನೆಯ ಪಾಠ ತಳವನ್ನು ಓದುವುದು. ಅಲೆಗಳ ಗೆರೆಗಳು ಮೂಡಿ ಗಟ್ಟಿಯಾಗಿರುವ ಮರಳಿನ ಮೇಲೆ ನಡೆಯಬಹುದು. ನುಣ್ಣಗೆ ಹೊಳೆಯುತ್ತ, ಮೆಟ್ಟಿದೊಡನೆ ಸುತ್ತಲೂ ನೀರು ಒಸರುವ ನೆಲವನ್ನು ನಂಬಬಾರದು. ಕಾಂಡ್ಲದ ಅಂಚಿನ ಕಪ್ಪು ಕೆಸರು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ. ಹೊಳೆ ತಿರುಗುವಲ್ಲಿ ಹೊರ ಅಂಚು ಆಳ, ಒಳ ಅಂಚು ತೆಳು. ಸಣ್ಣ ಹಳ್ಳವು ದೊಡ್ಡ ಹೊಳೆಗೆ ಕೂಡುವ ಬಾಯಿಯಲ್ಲಿ ಗುಂಡಿ ಇದ್ದೇ ಇರುತ್ತದೆ. ಮರಳ ದಿಬ್ಬದ ಒಂದು ಮಗ್ಗುಲು ಇಳಿಜಾರಾಗಿದ್ದರೆ, ಸೆಳೆತವು ಸಾಗುವ ದಿಕ್ಕಿನ ಮಗ್ಗುಲು ಕಡಿದಾಗಿದ್ದು ಸಡಿಲವಾಗಿರುತ್ತದೆ. ಅದರ ಅಂಚಿಗೆ ಹೋಗಿ ನಿಂತರೆ ಮರಳು ಕುಸಿದು ಮನುಷ್ಯನನ್ನು ಆಳಕ್ಕೆ ಇಳಿಸುತ್ತದೆ.

ಮೂರನೆಯದು ನಡೆಯುವ ಕ್ರಮ. ಕೈಯಲ್ಲಿ ಆಳೆತ್ತರದ ಬಿದಿರಿನ ಗಳ. ಮೊದಲು ಗಳ ಊರಿ ತಳ ನೋಡಿ, ಅನಂತರ ಕಾಲು. ಕಾಲನ್ನು ಎತ್ತಿ ಇಡದೆ ನೆಲಕ್ಕೆ ತಾಗಿಸಿ ಜಾರಿಸುತ್ತ ಹೋಗುವರು. ಹೀಗೆ ಮಾಡಿದರೆ ಮೈಭಾರ ಬೀಳುವ ಮೊದಲೇ ಗುಂಡಿಯ ಅಂಚು ಹೆಬ್ಬೆರಳಿಗೆ ತಿಳಿಯುತ್ತದೆ. ಮರಳಿನಲ್ಲಿ ಹುದುಗಿರುವ ತೊರಕೆ ಮೀನೂ ಸದ್ದಿಗೆ ಬೆದರಿ ದೂರ ಸರಿಯುತ್ತದೆ. ಹಿಂದೆ ಬರುವವನು ಮುಂದಿನವನ ಹೆಜ್ಜೆಯಲ್ಲಿಯೇ ಬರಬೇಕು, ಆದರೆ ಒಂದು ಗಳದಷ್ಟು ದೂರದಲ್ಲಿ ಇರಬೇಕು. ಇಬ್ಬರೂ ಒಮ್ಮೆಗೇ ಕುಸಿಯಬಾರದಲ್ಲವೇ? ಬಳಚು ಹೆಕ್ಕುವವರ ಗುಂಪಿನ ಬಳಿ ಒಂದು ಪಾತಿ ದೋಣಿ ಇರುವುದು ವಾಡಿಕೆ. ಅದು ಬುಟ್ಟಿಗಳನ್ನು ಸಾಗಿಸುವುದಕ್ಕೆ ಮಾತ್ರವಲ್ಲ, ನೆಲ ತಪ್ಪಿದಾಗ ಕೈಗೆ ಸಿಗುವ ಆಧಾರವೂ ಆಗಿತ್ತು. ಬೀಸುಬಲೆಯ ಹಗ್ಗದ ಕುಣಿಕೆ ಮಣಿಕಟ್ಟಿನಲ್ಲಿ ಸಡಿಲವಾಗಿರಬೇಕು, ಒಂದೇ ಜಗ್ಗಿಗೆ ಕಳಚಿ ಬರಬೇಕು ಎಂದು ಹುಡುಗರಿಗೆ ಗದರಿ ಹೇಳುತ್ತಿದ್ದರು. ಸೀಸದ ಗುಂಡುಗಳಿರುವ ಒದ್ದೆ ಬಲೆ ಕೈಗೆ ಬಿಗಿದುಕೊಂಡರೆ ಒಳ್ಳೆಯ ಈಜುಗಾರನೂ ಮುಳುಗುತ್ತಾನೆ.

ಕೊನೆಯದಾಗಿ ಅವರು ಪ್ರತಿ ವರ್ಷ ಮಾಡುತ್ತಿದ್ದ ಒಂದು ಕೆಲಸವನ್ನು ಹೇಳಬೇಕು. ಮಳೆಗಾಲ ಮುಗಿದು ನೀರು ತಿಳಿಯಾಗುವವರೆಗೆ ಹಳೆಯ ದಿಬ್ಬಗಳಿಗೆ ಯಾರೂ ಏಕಾಏಕಿ ಇಳಿಯುತ್ತಿರಲಿಲ್ಲ. ಮೊದಲು ಅನುಭವಿಗಳಿಬ್ಬರು ದೋಣಿಯಲ್ಲಿ ಹೋಗಿ ಗಳದಿಂದ ಅಳೆದು ನೋಡಿ ಬರುವರು. ಕಳೆದ ವರ್ಷದ ದಾರಿ ಈ ವರ್ಷ ಇದೆಯೇ, ಗುಂಡಿ ಎಲ್ಲಿಗೆ ಸರಿದಿದೆ, ಹೊಸ ಹೂಳು ಎಲ್ಲಿ ಕೂತಿದೆ ಎಂದು ತಿಳಿದ ಮೇಲೆಯೇ ಉಳಿದವರು ಇಳಿಯುವರು. ನಮ್ಮ ಹಿರಿಯರಿಗೆ ತಳವು ಗೊತ್ತಿತ್ತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ವಾಸ್ತವದಲ್ಲಿ ಅವರು ತಮಗೆ ಗೊತ್ತಿದೆ ಎಂದು ನಂಬದೆ ಪ್ರತಿ ವರ್ಷ ಹೊಸದಾಗಿ ತಿಳಿದುಕೊಳ್ಳುತ್ತಿದ್ದರು. ಅವರ ಕ್ಷೇಮಕ್ಕೆ ಮೂಲ ಇದೇ ಎಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇವೆ.

ಬದಲಾದ ತಳ

ಕಳೆದ ಅರವತ್ತು ವರ್ಷಗಳಲ್ಲಿ ಹೊಳೆಯ ತಳ ಹಿಂದಿನ ಯಾವ ಕಾಲಕ್ಕಿಂತಲೂ ವೇಗವಾಗಿ ಬದಲಾಗಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಲಾಯಿತು. ಅದರ ಸಾಮರ್ಥ್ಯ ಸುಮಾರು 151 ಟಿ.ಎಂ.ಸಿ. ಅಡಿ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1,035 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲವು. ಅನಂತರ ಗೇರುಸೊಪ್ಪೆಯ ಬಳಿ ಇನ್ನೊಂದು ಅಣೆಕಟ್ಟೂ 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವೂ ಬಂದವು. ನಾಡಿನ ಮನೆಗಳಿಗೆ ಬೆಳಕು ಕೊಟ್ಟ ಈ ಯೋಜನೆಗಳನ್ನು ನಾವು ಹಳಿಯುತ್ತಿಲ್ಲ. ಆದರೆ ಅವುಗಳಿಂದ ಹೊಳೆಯ ನಡತೆ ಬದಲಾಯಿತು ಎಂಬುದು ಸತ್ಯ. ಘಟ್ಟದಿಂದ ಬರುತ್ತಿದ್ದ ಮರಳಿನ ಬಹುಭಾಗ ಜಲಾಶಯದಲ್ಲಿಯೇ ಉಳಿಯಿತು. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ವರ್ಷವಿಡೀ ಸಿಹಿನೀರು ಕೆಳಗಿಳಿಯತೊಡಗಿತು. ಬುಕಾನನ್ ಕಂಡಿದ್ದ ಉಪ್ಪು ಬೇಸಗೆ ಶರಾವತಿಯಲ್ಲಿ ಮೊದಲಿನಂತೆ ಉಳಿಯಲಿಲ್ಲ. ಉಪ್ಪನ್ನು ಬಯಸುವ ಬಳಚಿನ ಸಂತತಿ ಕ್ಷೀಣಿಸಿತು. ಮೇಲೆ ಬಿಟ್ಟ ನೀರು ಕೆಳಗಿನ ಹೊಳೆಸಾಲಿನಲ್ಲಿ ಏರುವುದಕ್ಕೆ ತಿಥಿಯ ಲೆಕ್ಕ ಸಾಲದಾಯಿತು. ಚಂದ್ರನನ್ನು ನೋಡಿ ವೇಳೆ ಹೇಳುತ್ತಿದ್ದ ಅಜ್ಜಿಗೆ ಯಂತ್ರಾಗಾರದ ವೇಳಾಪಟ್ಟಿ ತಿಳಿಯುವ ಬಗೆ ಹೇಗೆ?

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಬಳಚಿನ ಕಸುಬು ಇನ್ನೂ ಜೀವಂತವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಆ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ನು ಚಿಪ್ಪುಮೀನು ದೊರೆಯುತ್ತಿದ್ದು, 2,300ಕ್ಕೂ ಹೆಚ್ಚು ಜನ ಅದರಲ್ಲಿ ದುಡಿಯುತ್ತಿದ್ದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಆದರೂ ಅಲ್ಲಿಯ ತಳವೂ ಮೊದಲಿನಂತಿಲ್ಲ. ಕೆಸರಿನಡಿಯ ಹಳೆಯ ಚಿಪ್ಪಿನ ಪದರಗಳನ್ನು ಮೊದಲು ಕೈಯಿಂದ, ಆಮೇಲೆ ಯಂತ್ರಗಳಿಂದ ಅಗೆದು ತೆಗೆಯಲಾಯಿತು. ಎಲ್ಲ ಹೊಳೆಗಳಲ್ಲಿಯೂ ಮನೆ, ರಸ್ತೆಗಳ ಕೆಲಸಕ್ಕೆ ಹೊಯಿಗೆ ತೆಗೆಯುವುದು ಹೆಚ್ಚಿತು. ಹೊಯಿಗೆ ತೆಗೆದ ಗುಂಡಿ ನೀರಿನ ಮೇಲಿನಿಂದ ಕಾಣುವುದಿಲ್ಲ. ಒಂದು ಹೆಜ್ಜೆಯಲ್ಲಿ ಮೊಣಕಾಲು ನೀರು, ಮರುಹೆಜ್ಜೆಯಲ್ಲಿ ಆಳುದ್ದದ ನೀರು. ಗುಂಡಿ ತಾನಾಗಿ ತುಂಬಿಕೊಂಡಾಗಲೂ ಅದರಲ್ಲಿ ಕೂರುವುದು ಗಟ್ಟಿ ಮರಳಲ್ಲ, ಸಡಿಲವಾದ ಹೂಳು.

ಸೇತುವೆಗಳ ಮಾತನ್ನೂ ಹೇಳಬೇಕು. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ, 2 ಕಿಲೋಮೀಟರಿಗೂ ಉದ್ದವಾದ ರೈಲು ಸೇತುವೆ ಕೊಂಕಣ ರೈಲ್ವೆಯ ಸೇತುವೆಗಳಲ್ಲಿಯೇ ಅತಿ ಉದ್ದವಾದದ್ದು. ಸೇತುವೆಗಳು ಬಂದದ್ದರಿಂದ ತಾರಿಯ ಅಪಾಯ ತಪ್ಪಿತು. ಆದರೆ ನೀರು ಕಂಬಕ್ಕೆ ಬಡಿದು ಬುಡದ ಮರಳನ್ನು ಕೊರೆಯುವುದರಿಂದ ಪ್ರತಿ ಕಂಬದ ಸುತ್ತ ಗುಂಡಿ ಉಂಟಾಗುತ್ತದೆ. ನೆರಳಿದೆ, ಮೀನಿದೆ ಎಂದು ಕಂಬದ ಬುಡದಲ್ಲಿ ಗಾಳ ಹಾಕಿ ನಿಲ್ಲುವವರು ಇದನ್ನು ಅರಿತಿರಬೇಕು.

ತಳವು ಎಷ್ಟು ಬೇಗ ಬದಲಾಗಬಲ್ಲದು ಎಂಬುದನ್ನು ನಮ್ಮ ಉತ್ತರದ ನೆರೆಯ ಅಂಕೋಲೆ ತಾಲೂಕಿನಲ್ಲಿ ನಾವೆಲ್ಲರೂ ಕಂಡೆವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ಹೊಳೆಗೆ ಬಿದ್ದಿತು. ಹೊಳೆಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ಚಿಮ್ಮಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೊಳೆಯಲ್ಲಿ ಹುಗಿದುಹೋದ ಒಂದು ಲಾರಿಯನ್ನು ಹುಡುಕಿ ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಬೇಕಾಯಿತು. ಲಾರಿಯಂಥ ವಸ್ತುವನ್ನು ಎರಡು ತಿಂಗಳಿಗೂ ಮಿಕ್ಕಿ ಅಡಗಿಸಿಡಬಲ್ಲ ತಳದ ಮೇಲೆ ಮನುಷ್ಯನ ಕಾಲು ಎಷ್ಟರದು!

ಒಂದು ನೋವಿನ ನೆನಪು

ನಮ್ಮ ಮನಸ್ಸಿನಲ್ಲಿ ಉಳಿದಿರುವ ಒಂದು ಸಾವಿನ ಕುರಿತು ಇಲ್ಲಿ ಬರೆಯುತ್ತೇವೆ. ಮನೆಯವರ ನೋವನ್ನು ಕೆದಕಬಾರದೆಂದು ಹೆಸರು, ವರ್ಷಗಳನ್ನು ಬಿಟ್ಟಿದ್ದೇವೆ. ನಮ್ಮ ಕೇರಿಯ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಅವನ ಅಜ್ಜ ಬಲೆ ಬೀಸುವುದನ್ನು ಕಲಿಸಿದ್ದರು. ದಡದಿಂದ ದಿಬ್ಬಕ್ಕೆ ಹೋಗುವ ದಾರಿಯನ್ನು ಕೈ ಹಿಡಿದು ತೋರಿಸಿದ್ದರು: ಎದುರು ದಡದ ಎರಡು ತೆಂಗಿನ ಮರಗಳನ್ನು ಒಂದೇ ಗೆರೆಗೆ ತಂದುಕೊಂಡು ನೇರ ನಡೆದರೆ ಸೊಂಟಕ್ಕಿಂತ ಮೇಲೆ ನೀರಿಲ್ಲ. ಅಜ್ಜ ಆ ದಾರಿಯಲ್ಲಿ ನಲವತ್ತು ವರ್ಷ ನಡೆದಿದ್ದರು. ಹುಡುಗ ಓದಿಗೆಂದು ಪರವೂರಿಗೆ ಹೋಗಿ, ಎರಡು ವರ್ಷಗಳ ಮೇಲೆ ರಜೆಯಲ್ಲಿ ಬಂದವನು ಒಂದು ಸಂಜೆ ಒಬ್ಬನೇ ಬಲೆ ಹಿಡಿದು ಹೊರಟನು. ತೆಂಗಿನ ಮರಗಳು ಇದ್ದಲ್ಲಿಯೇ ಇದ್ದವು. ದಾರಿಯ ನಡುವೆ ಯಾರೋ ಹೊಯಿಗೆ ತೆಗೆದಿದ್ದರು. ಮರುದಿನ ಬೆಳಿಗ್ಗೆ ಅವನು ಸಿಕ್ಕಿದಾಗ ಬಲೆಯ ಹಗ್ಗ ಕೈಯಲ್ಲಿ ಬಿಗಿದೇ ಇತ್ತು.

ಶವಸಂಸ್ಕಾರ ಮುಗಿದ ಮೇಲೆ ಆ ಅಜ್ಜ ಸಿಮಿತೇರಿಯ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿ, "ದಾರಿ ತೋರಿಸಿದವನು ನಾನೇ ಅಲ್ಲವೋ ಮಕ್ಕಳೇ" ಎಂದರು. ನಾವು ಏನು ಹೇಳಬಲ್ಲವರಾಗಿದ್ದೆವು? ಅವರು ತಪ್ಪು ದಾರಿಯನ್ನು ತೋರಿಸಿರಲಿಲ್ಲ. ಅವರು ತೋರಿಸಿದಾಗ ದಾರಿ ಸರಿಯಾಗಿಯೇ ಇತ್ತು. ಹೊಳೆಯ ತಿಳಿವಳಿಕೆಗೆ ಆಯುಷ್ಯವಿದೆ, ಅದು ಒಂದು ಮಳೆಗಾಲದಷ್ಟೇ ದೀರ್ಘ ಎಂಬುದನ್ನು ನಾವು ಅಂದು ಬಲು ದೊಡ್ಡ ಬೆಲೆ ತೆತ್ತು ಕಲಿತೆವು.

ಹುದುಲಿನ ಸ್ವಭಾವ

ಗುಂಡಿಯದು ಒಂದು ಬಗೆಯ ಅಪಾಯವಾದರೆ ಹುದುಲಿನದು ಇನ್ನೊಂದು ಬಗೆ. ಹುದುಲು ಮನುಷ್ಯನನ್ನು ತಲೆಯವರೆಗೆ ನುಂಗಿಬಿಡುತ್ತದೆ ಎಂಬ ಭಯ ನಮ್ಮಲ್ಲಿ ಮೊದಲಿನಿಂದಲೂ ಇದೆ. ಸಿನೆಮಾಗಳು ಅದನ್ನು ಇನ್ನಷ್ಟು ಬೆಳೆಸಿವೆ. ನಿಜಸ್ಥಿತಿ ಬೇರೆ. 2005ರಲ್ಲಿ ಆಮ್‌ಸ್ಟರ್‌ಡಾಂ ವಿಶ್ವವಿದ್ಯಾಲಯದ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಈ ಕುರಿತು ಬರೆದರು. ಸಣ್ಣ ಮರಳು, ಜೇಡಿ, ಉಪ್ಪುನೀರು ಕೂಡಿದ ಮಿಶ್ರಣವು ಅಲುಗದಿದ್ದಾಗ ಗಟ್ಟಿಯಂತೆ ಕಾಣುತ್ತದೆ. ಮೆಟ್ಟಿ ಕದಡಿದೊಡನೆ ನೀರಾಗುತ್ತದೆ. ಆಮೇಲೆ ಮರಳು ತಳಕ್ಕೆ ಕೂತು ಕಾಲಿನ ಸುತ್ತ ಬಿಗಿಯುತ್ತದೆ. ಆ ದಟ್ಟ ಮಿಶ್ರಣದ ಸಾಂದ್ರತೆ ನೀರಿನ ಸುಮಾರು ಎರಡು ಪಟ್ಟು. ಮನುಷ್ಯನ ಮೈ ಅದಕ್ಕಿಂತ ಹಗುರಾದ್ದರಿಂದ ಸುಮಾರು ಸೊಂಟದವರೆಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಆದರೆ ಬಿಗಿದ ಕಾಲನ್ನು ಸೆಕೆಂಡಿಗೆ 1 ಸೆಂಟಿಮೀಟರ್ ವೇಗದಲ್ಲಿ ನೇರ ಎಳೆದು ತೆಗೆಯಲು ಒಂದು ಕಾರನ್ನು ಎತ್ತುವಷ್ಟು ಬಲ ಬೇಕಾಗುತ್ತದೆ.

ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಹುದುಲು ತಾನಾಗಿ ಕೊಲ್ಲುವುದಿಲ್ಲ. ಅದು ಹಿಡಿದು ನಿಲ್ಲಿಸುತ್ತದೆ, ಏರಿ ಬರುವ ಉಬ್ಬರವು ಕೊಲ್ಲುತ್ತದೆ. ಆದುದರಿಂದಲೇ ಹಿರಿಯರು ನೀರು ತಿರುಗುವ ಮುನ್ನ ದಡ ಸೇರಬೇಕೆಂದದ್ದು. ಎರಡನೆಯದು, ಸಿಕ್ಕಿಬಿದ್ದವನು ಬಲಪ್ರಯೋಗ ಮಾಡಬಾರದು. ಹೊತ್ತ ಬುಟ್ಟಿ, ಬಲೆಗಳನ್ನು ಬಿಟ್ಟುಬಿಡಬೇಕು. ಮೈಯನ್ನು ಹಿಂದಕ್ಕೆ ಒರಗಿಸಿ, ಕೈಗಳನ್ನು ಅಗಲವಾಗಿ ಚಾಚಿ, ಭಾರವನ್ನು ಹರಡಬೇಕು. ಕಾಲನ್ನು ಮೆಲ್ಲಗೆ ಅತ್ತಿತ್ತ ಅಲುಗಿಸುತ್ತ ಅದರ ಸುತ್ತ ನೀರು ಇಳಿಯುವಂತೆ ಮಾಡಿ, ಒಂದು ಕಾಲನ್ನು ಬಿಡಿಸಿಕೊಂಡ ಮೇಲೆ ಇನ್ನೊಂದನ್ನು ಬಿಡಿಸಬೇಕು. ಗಳವಿದ್ದರೆ ಅದನ್ನು ಬೆನ್ನಿನಡಿ ಅಡ್ಡ ಹಾಕಿಕೊಳ್ಳಬಹುದು. ಬಿಡುಗಡೆಯಾದ ಮೇಲೆಯೂ ಎದ್ದು ನಿಲ್ಲದೆ, ಬಂದ ದಿಕ್ಕಿನತ್ತಲೇ ತೆವಳಿಕೊಂಡು ಹೋಗಬೇಕು. ನೆರವಿಗೆ ಬಂದವರು ಅವನ ಬಳಿಗೆ ಓಡಿಬಂದು ಕೈ ಹಿಡಿದು ಜಗ್ಗಬಾರದು. ಓಡಿ ಬಂದವನೂ ಅಲ್ಲಿಯೇ ಹೂತುಹೋಗುತ್ತಾನೆ. ಗಟ್ಟಿ ನೆಲದಲ್ಲಿ ನಿಂತು ಗಳ, ಹಗ್ಗ, ಹಲಗೆ, ಇಲ್ಲವೇ ದೋಣಿಯನ್ನು ಅವನತ್ತ ನೂಕಬೇಕು. ಕೂಡಲೇ 112ಕ್ಕೆ ಕರೆ ಮಾಡಬೇಕು.

ಗುಂಡಿಯ ಅಂಚಿನಿಂದ ಜಾರಿ ಸೆಳೆತಕ್ಕೆ ಸಿಕ್ಕವನು ಸೆಳೆತದ ಎದುರು ಈಜಿ ದಣಿಯಬಾರದು. ಬೆನ್ನ ಮೇಲೆ ತೇಲುತ್ತ, ಕಾಲುಗಳನ್ನು ಮುಂದೆ ಮಾಡಿ, ಓರೆಯಾಗಿ ದಡದತ್ತ ಸರಿಯಬೇಕು. ನೀರಿನಿಂದ ತೆಗೆದವನಿಗೆ ಉಸಿರಿಲ್ಲದಿದ್ದರೆ, ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ರೂಢಿಯಲ್ಲಿ ಹೊತ್ತು ಕಳೆಯದೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಬೇಕು. ಇದನ್ನು ಕಲಿತವರು ಪ್ರತಿ ಕೇರಿಯಲ್ಲಿ ಇಬ್ಬರಾದರೂ ಇರಬೇಕು.

ಎರಡನೆಯ ಶತಮಾನಕ್ಕೆ ಒಂದು ಅರಿಕೆ

ಇಂದು ನಮ್ಮ ಮನೆಗಳ ಮಕ್ಕಳಲ್ಲಿ ಹಲವರು ಮುಂಬಯಿಯಲ್ಲಿ, ಮಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಇದ್ದಾರೆ. ಹಬ್ಬಕ್ಕೂ ಬೇಸಗೆಯ ರಜೆಗೂ ಬಂದಾಗ ಹೊಳೆಗಿಳಿಯುವ ಆಸೆ ಅವರಿಗೆ ಸಹಜ. ಜೊತೆಗೆ ಗೆಳೆಯರನ್ನೂ ಕರೆತರುತ್ತಾರೆ. ಅವರಿಗೆ ತಂದೆ ಅಜ್ಜಂದಿರ ಹೊಳೆ ನೆನಪಿನಲ್ಲಿದೆ; ಈ ವರ್ಷದ ಹೊಳೆ ಗೊತ್ತಿಲ್ಲ. ಊರಿನಲ್ಲಿಯೇ ಇರುವ ನಮಗಾದರೂ ಮೀನು ಪೇಟೆಯಿಂದ ಬರುವುದರಿಂದ ಹೊಳೆಯ ಒಡನಾಟ ಕಡಿಮೆಯಾಗಿದೆ. ಪ್ರತಿ ವರ್ಷ ಗಳ ಹಿಡಿದು ಅಳೆದು ಬರುತ್ತಿದ್ದ ಆ ಇಬ್ಬರು ಅನುಭವಿಗಳ ಸ್ಥಾನ ಅನೇಕ ಊರುಗಳಲ್ಲಿ ಖಾಲಿಯಾಗಿದೆ.

ಆದುದರಿಂದ ನಮ್ಮ ಅರಿಕೆ ಇಷ್ಟು. ಮಳೆಗಾಲ ಮುಗಿದ ಮೇಲೆ, ಹೊಳೆಯಲ್ಲಿ ಇನ್ನೂ ದುಡಿಯುವ ನಮ್ಮ ಬಾಂಧವರು, ಅವರು ಯಾವ ಸಮಾಜದವರೇ ಆಗಿರಲಿ, ಅವರ ನೆರವಿನಿಂದ ಊರಿನ ಯುವಕರು ದೋಣಿಯಲ್ಲಿ ಹೋಗಿ ತಳವನ್ನು ನೋಡಿಬರಲಿ. ಗುಂಡಿ, ಹುದುಲುಗಳಿದ್ದಲ್ಲಿ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಲಿ. ಕಂಡದ್ದನ್ನು ಪೂಜೆಯ ನಂತರದ ಪ್ರಕಟಣೆಗಳಲ್ಲಿ ನಮ್ಮ ಜನರಿಗೂ, ಸಂತೆಯಲ್ಲಿ, ಶಾಲೆಯಲ್ಲಿ ಎಲ್ಲರಿಗೂ ತಿಳಿಸಲಿ. ಅಣೆಕಟ್ಟಿನಿಂದ ನೀರು ಬಿಡುವ ಸೂಚನೆಗಳು ಹೊಳೆಸಾಲಿನ ಕೊನೆಯ ಮನೆಗೂ ತಲುಪುವಂತೆ ನೋಡಿಕೊಳ್ಳಲಿ. ಯಾರೂ ಒಬ್ಬರೇ ಇಳಿಯದಿರಲಿ, ಕತ್ತಲಾಗುವ ಹೊತ್ತಿಗೆ ಇಳಿಯದಿರಲಿ. ದೋಣಿಯಲ್ಲಿ ತೇಲು ಅಂಗಿಗಳು ಇರಲಿ. ಅವನ್ನು ಧರಿಸುವುದರಲ್ಲಿ ಹೊಳೆಯ ಮಗನಿಗೆ ನಾಚಿಕೆಯೇನೂ ಇಲ್ಲ.

ಆ ಅಜ್ಜ ಈಗ ಇಲ್ಲ. ಮೊಮ್ಮಗನ ಸಾವಿನ ನಂತರ ಅವರು ಮತ್ತೆ ಬಲೆ ಮುಟ್ಟಲಿಲ್ಲ. ಆದರೆ ಪ್ರತಿ ವರ್ಷ ಮಳೆ ನಿಂತ ಮೇಲೆ ಯಾರದಾದರೂ ದೋಣಿ ಬೇಡಿ ಪಡೆದು, ಗಳ ಹಿಡಿದು ಆ ದಾರಿಯನ್ನು ಅಳೆದು, ದಡದಲ್ಲಿ ಆಡುವ ಮಕ್ಕಳನ್ನು ಕರೆದು ಎಲ್ಲಿ ಇಳಿಯಬಾರದೆಂದು ಹೇಳಿ ಮನೆಗೆ ಹೋಗುತ್ತಿದ್ದರು. ಕೈಲಾಗುವವರೆಗೂ ಅದನ್ನು ಬಿಡಲಿಲ್ಲ. ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಅವರ ಆ ಕೆಲಸವನ್ನು ನಾವು ಕೈಗೆತ್ತಿಕೊಳ್ಳೋಣ. ಮುಂದಿನ ಶತಮಾನದ ಸಂಚಿಕೆಗಾಗಿ ಮರಣ ದಾಖಲೆಯನ್ನು ತಿರುವುವವರಿಗೆ ಹೊಳೆಯ ಹೆಸರು ಕಾಣದಿರಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.